ಮೊದಲು ಮಗುವನ್ನೇ ಕೇಳಿ

ಜೂನ್ ತಿಂಗಳ ಬೆಳಗ್ಗೆ ಮೂಡುಬಿದಿರೆಯಿಂದ ಪುತ್ತಿಗೆಯ ದಾರಿ ಹಿಡಿದರೆ ಎದುರಾಗುವುದು ಮಕ್ಕಳ ಸಾಲು. ಒಂದು ಕಾಲಕ್ಕೆ ಚೌಟ ಅರಸರ ನೆಲೆಯಾಗಿದ್ದ ಈ ಊರು ಈಗ ಶಾಲೆಗಳ ಊರು. ಇಲ್ಲಿನ ಆಳ್ವಾಸ್ ಕನ್ನಡ ಮಾಧ್ಯಮ ಶಾಲೆಗೆ ಪ್ರವೇಶ ಪರೀಕ್ಷೆ ಬರೆದು ರಾಜ್ಯದ ನಾನಾ ಜಿಲ್ಲೆಗಳ ಮಕ್ಕಳು ಬರುತ್ತಾರೆ. ಸುತ್ತಮುತ್ತ ಇನ್ನೂ ಎಷ್ಟೋ ಶಾಲೆ, ಪಿಯು ಕಾಲೇಜು, ಹಾಸ್ಟೆಲ್. ಓದಿನ ಜೊತೆಗೆ ಓಟ, ಕುಸ್ತಿ, ಕಬಡ್ಡಿ, ಮಲ್ಲಕಂಬ, ಯಕ್ಷಗಾನ.

ಇಷ್ಟು ಮಕ್ಕಳಿರುವಲ್ಲಿ ‘ತಲೆನೋವು’, ‘ಕಾಲುನೋವು’, ‘ಬೆನ್ನುನೋವು’ ಎಂಬ ಮಾತು ದಿನಕ್ಕೆ ಹತ್ತು ಸಲ ಕೇಳಿಸದೆ ಇರದು. ಕೇಳಿದ ದೊಡ್ಡವರು ಸಾಮಾನ್ಯವಾಗಿ ಎರಡರಲ್ಲಿ ಒಂದು ಕಡೆಗೆ ವಾಲುತ್ತಾರೆ. ಒಂದು, ‘ಶಾಲೆ ತಪ್ಪಿಸಲು ನಾಟಕ’. ಇನ್ನೊಂದು, ‘ನಾಳೆಯೇ ಮಂಗಳೂರಿಗೆ ಹೋಗಿ ಸ್ಕ್ಯಾನ್ ಮಾಡಿಸುವ’. ಎರಡರಲ್ಲೂ ಮಗುವಿನ ಮಾತನ್ನು ಪೂರ್ತಿ ಕೇಳಿಸಿಕೊಂಡವರಿಲ್ಲ. ಮಕ್ಕಳ ತಲೆನೋವನ್ನೂ ಕೈಕಾಲು ನೋವನ್ನೂ ಅಳೆಯುವ ಅತಿ ಒಳ್ಳೆಯ ಸಾಧನ ಇವತ್ತಿಗೂ ಅರ್ಧ ಗಂಟೆಯ ಮಾತುಕತೆ ಮತ್ತು ಬಟ್ಟೆ ಸಡಿಲಿಸಿ ಮಾಡುವ ಸರಿಯಾದ ಪರೀಕ್ಷೆ. ರಕ್ತಪರೀಕ್ಷೆ, ಎಕ್ಸ್‌ರೇ, ಎಂಆರ್‌ಐಗಳೆಲ್ಲ ಆಮೇಲೆ, ಆ ಮಾತುಕತೆ ತೋರಿಸಿದ ದಾರಿಯಲ್ಲಿ ಬರಬೇಕಾದವು.

ಮಾತುಕತೆ ಎಂದರೆ ಎಂಥದ್ದು? ಏಳನೇ ತರಗತಿಯ ಹುಡುಗಿಯೊಬ್ಬಳು ಅಮ್ಮನ ಜೊತೆ ಮಕ್ಕಳ ಡಾಕ್ಟರ ಎದುರು ಕೂತಿದ್ದಾಳೆ ಎಂದುಕೊಳ್ಳಿ.

“ವಾರಕ್ಕೆ ಎರಡು ಸಲ ತಲೆನೋವು ಡಾಕ್ಟ್ರೇ. ಮೊಬೈಲ್ ನೋಡಿ ನೋಡಿ ಆದದ್ದು” ಎನ್ನುತ್ತಾರೆ ಅಮ್ಮ.

“ಸ್ವಲ್ಪ ಇರಿ ಅಮ್ಮ, ಅವಳೇ ಹೇಳಲಿ. ಎಲ್ಲಿ ನೋಯುವುದು ಪುಟ್ಟಾ?”

ಹುಡುಗಿ ಹಣೆಯ ಎರಡೂ ಬದಿ ಮುಟ್ಟಿ ತೋರಿಸುತ್ತಾಳೆ.

“ನೋಯುವಾಗ ಎಂತ ಮಾಡ್ಬೇಕು ಅಂತ ಅನ್ನಿಸ್ತದೆ?”

“ಲೈಟ್ ಬೇಡ ಅನ್ನಿಸ್ತದೆ. ಮಲಗ್ತೇನೆ. ಒಮ್ಮೆ ವಾಂತಿ ಆದ್ರೆ ಕಮ್ಮಿ ಆಗ್ತದೆ.”

“ಆಟದ ಪೀರಿಯಡ್ ಇದ್ರೆ?”

“ಆಟಕ್ಕೂ ಹೋಗುವುದಿಲ್ಲ.”

ಅಮ್ಮ ಅಲ್ಲೇ ನೆನಪಿಸಿಕೊಳ್ಳುತ್ತಾರೆ: “ನನಗೂ ಸಣ್ಣದಿರುವಾಗ ಹೀಗೇ ಆಗ್ತಿತ್ತು.”

ಇಷ್ಟರಲ್ಲೇ ಅರ್ಧ ಉತ್ತರ ಸಿಕ್ಕಿತು. ಬೆಳಕು, ಸದ್ದು ಬೇಡವಾಗುವುದು, ವಾಂತಿ, ಮಲಗಿ ಎದ್ದರೆ ಹಗುರಾಗುವುದು, ಇಷ್ಟದ ಆಟವನ್ನೂ ಬಿಡುವಷ್ಟು ನೋವು, ಮನೆಯಲ್ಲಿ ಇನ್ನೊಬ್ಬರಿಗೆ ಇದ್ದ ಚರಿತ್ರೆ: ಇವು ಮೈಗ್ರೇನಿನ ಗುರುತುಗಳು. ದೊಡ್ಡವರಲ್ಲಿ ಮೈಗ್ರೇನ್ ಹೆಚ್ಚಾಗಿ ತಲೆಯ ಒಂದೇ ಬದಿಗೆ ಬರುತ್ತದೆ; ಮಕ್ಕಳಲ್ಲಿ ಹಣೆಯ ಎರಡೂ ಕಡೆ ಬರುವುದೇ ಹೆಚ್ಚು. ಎರಡು ಗಂಟೆಯಲ್ಲಿ ಮುಗಿದುಹೋಗಬಹುದು. ಬಸ್ಸಿನಲ್ಲಿ ಕೂತರೆ ಹೊಟ್ಟೆ ತೊಳಸುವ ಮಕ್ಕಳಲ್ಲಿ, ಕಾರಣ ಸಿಗದ ಹೊಟ್ಟೆನೋವು ಮತ್ತೆ ಮತ್ತೆ ಬಂದ ಮಕ್ಕಳಲ್ಲಿ ಮುಂದೆ ಮೈಗ್ರೇನ್ ಕಾಣಿಸಿಕೊಳ್ಳುವುದುಂಟು. ಸಂಜೆ ಹೊತ್ತಿಗೆ ತಲೆಗೆ ಪಟ್ಟಿ ಕಟ್ಟಿದಂತೆ ಬಿಗಿಯುವ, ಆದರೆ ಆಟ ಬಿಡಿಸದ ನೋವು ಬೇರೆ ಬಗೆಯದು. ಅದು ಆಯಾಸದ, ಒತ್ತಡದ ನೋವು. ನೋವು ಎಷ್ಟು ಎಂದು ಹತ್ತರಲ್ಲಿ ಅಂಕ ಕೇಳುವುದಕ್ಕಿಂತ, ಅದು ಯಾವ ಕೆಲಸವನ್ನು ತಪ್ಪಿಸಿತು ಎಂದು ಕೇಳಿದರೆ ಮಗು ಚೆನ್ನಾಗಿ ಹೇಳುತ್ತದೆ.

ಮೈಗ್ರೇನ್ ಅಪರೂಪದ ಕಾಯಿಲೆಯೂ ಅಲ್ಲ. ನಿಮ್ಹಾನ್ಸ್‌ನ ತಜ್ಞರು ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳ 18ರಿಂದ 65 ವರ್ಷದವರಲ್ಲಿ ನಡೆಸಿ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ವರ್ಷದೊಳಗೆ ತಲೆನೋವು ಅನುಭವಿಸಿದವರು ಶೇ 63.9, ಮೈಗ್ರೇನ್ ಇದ್ದವರು ಶೇ 25.2. ನಾಲ್ವರಲ್ಲಿ ಒಬ್ಬರು. ಹಳ್ಳಿಯಲ್ಲಿ ಕಡಿಮೆ ಇರಬಹುದು ಎಂಬ ನಮ್ಮ ಊಹೆಯನ್ನೂ ಆ ಸಮೀಕ್ಷೆ ಒಪ್ಪಲಿಲ್ಲ. ಈ ದೊಡ್ಡವರಲ್ಲಿ ಎಷ್ಟೋ ಮಂದಿಗೆ ನೋವು ಶಾಲೆಯ ದಿನಗಳಲ್ಲೇ ಶುರುವಾಗಿರಬಹುದು. ಆಗ ಅವರ ಮಾತನ್ನು ಯಾರು ಕೇಳಿದ್ದರು?

ಹಾಗಾದರೆ ಸ್ಕ್ಯಾನ್ ಯಾವಾಗ? ನರಮಂಡಲದ ಪರೀಕ್ಷೆ ಸರಿಯಿದ್ದು, ನೋವು ಬಂದು ಹೋಗುವ ಜಾತಿಯದಾಗಿದ್ದರೆ ಬೇಡ. ಬೇಕಾಗುವ ಸಂದರ್ಭಗಳನ್ನು ಪ್ರತಿ ತಾಯಿ, ಪ್ರತಿ ವಾರ್ಡನ್ ತಿಳಿದಿರಬೇಕು. ನಿದ್ದೆಯಿಂದಲೇ ಎಬ್ಬಿಸುವ ತಲೆನೋವು. ಬೆಳಗ್ಗೆ ಎದ್ದ ಕೂಡಲೇ ನೋವು ಮತ್ತು ವಾಂತಿ. ಕೆಮ್ಮಿದರೆ, ಬಗ್ಗಿದರೆ ಹೆಚ್ಚಾಗುವುದು. ವಾರದಿಂದ ವಾರಕ್ಕೆ ಏರುತ್ತಲೇ ಹೋಗುವುದು. ಹೊಸತಾಗಿ ಮೆಳ್ಳೆಗಣ್ಣು, ಒಂದು ವಸ್ತು ಎರಡಾಗಿ ಕಾಣುವುದು, ನಡೆಯುವಾಗ ಓಲಾಡುವುದು, ಚಂದದ ಅಕ್ಷರ ಇದ್ದಕ್ಕಿದ್ದಂತೆ ಕೆಡುವುದು, ಸ್ವಭಾವ ಬದಲಾಗುವುದು, ಫಿಟ್ಸ್. ತೀರ ಸಣ್ಣ ಮಗು ತಲೆ ಹಿಡಿದುಕೊಂಡು ಅಳುವುದು. ಜ್ವರದ ಜೊತೆ ಕುತ್ತಿಗೆ ಬಿಗಿದರೆ ಅಥವಾ ಸಿಡಿಲು ಬಡಿದಂತೆ ಒಮ್ಮೆಲೇ ಬರುವ ನೋವಾದರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೊರಡಬೇಕು. ಮೆದುಳಿನ ಗಡ್ಡೆ ಅಪರೂಪ. ಆದರೆ ಅದು ಬರೀ ತಲೆನೋವಾಗಿ ಬಹಳ ಕಾಲ ಉಳಿಯುವುದಿಲ್ಲ, ಇಂಥ ಒಂದಲ್ಲ ಒಂದು ಸುಳಿವು ಕೊಟ್ಟೇ ಕೊಡುತ್ತದೆ. ಆ ಸುಳಿವು ಅಕ್ಷರ ತಿದ್ದುವ ಶಿಕ್ಷಕರ ಕಣ್ಣಿಗೆ ಡಾಕ್ಟರಿಗಿಂತ ಮೊದಲು ಬೀಳಬಹುದು.

ಪರೀಕ್ಷೆಯಲ್ಲಿ ಎರಡು ಸಂಗತಿ ಬಿಟ್ಟುಹೋಗುವುದನ್ನು ನೋಡಿದರೆ ಬೇಸರವಾಗುತ್ತದೆ. ಒಂದು, ಮಗುವಿನ ಬಿಪಿ. ಮಕ್ಕಳಿಗೆಂಥ ಬಿಪಿ ಎಂದು ನಾವು ನಗಬಹುದು. ಮೂತ್ರಪಿಂಡದ ತೊಂದರೆ ಇರುವ ಮಗುವಿನಲ್ಲಿ ರಕ್ತದೊತ್ತಡ ಏರಿ ತಲೆನೋವಾಗಿ ಕಾಣಿಸಿಕೊಳ್ಳಬಹುದು. ಮಗುವಿನ ತೋಳಿಗೆ ಹೊಂದುವ ಸಣ್ಣ ಪಟ್ಟಿಯಲ್ಲಿ ಅಳೆಯಬೇಕು, ದೊಡ್ಡವರದ್ದರಲ್ಲಿ ಅಳೆದರೆ ಲೆಕ್ಕ ತಪ್ಪುತ್ತದೆ. ಇನ್ನೊಂದು, ಕಣ್ಣಿನ ಹಿಂಭಾಗದ ನರವನ್ನು ಸಣ್ಣ ದೀಪದ ಉಪಕರಣದಿಂದ ನೋಡುವುದು. ತಲೆಯೊಳಗಿನ ಒತ್ತಡ ಏರಿದ್ದರೆ ಅಲ್ಲಿ ಊತ ಕಾಣುತ್ತದೆ. ಕನ್ನಡಕದ ಅಂಗಡಿಯಲ್ಲಿ ನಂಬರ್ ನೋಡಿಸಿದರೆ ಈ ಕೆಲಸ ಆದಂತಲ್ಲ. ಕನ್ನಡಕ ಬೇಕಾದರೆ ಹಾಕಲೇಬೇಕು, ಆದರೆ ನಾವು ತಿಳಿದಷ್ಟು ತಲೆನೋವಿಗೆ ಕಣ್ಣಿನ ನಂಬರ್ ಕಾರಣವಲ್ಲ. ‘ಸೈನಸ್’ ಎಂದು ಹಣೆಪಟ್ಟಿ ಹಚ್ಚಿಸಿಕೊಂಡ ಮಕ್ಕಳಲ್ಲೂ ಎಷ್ಟೋ ಮಂದಿಗೆ ಇರುವುದು ಮೈಗ್ರೇನ್.

ಈ ಊರುಗಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ಹಾಸ್ಟೆಲಿನ ಮಗುವಿನ ಚರಿತ್ರೆ ಹೇಳುವವರು ಯಾರು? ಅಮ್ಮ ಬೀದರಿನಲ್ಲೋ ಹಾವೇರಿಯಲ್ಲೋ ಇದ್ದಾರೆ. ಕರೆತಂದ ವಾರ್ಡನ್‌ಗೆ ನಿನ್ನೆಯ ನೋವು ಗೊತ್ತು, ಕಳೆದ ವರ್ಷದ್ದು ಗೊತ್ತಿಲ್ಲ. ಮಗು ‘ಆಗಾಗ’ ಎನ್ನುತ್ತದೆ. ಇದಕ್ಕೆ ಮದ್ದು ಎಪ್ಪತ್ತು ಪುಟದ ಒಂದು ನೋಟುಬುಕ್ಕು. ನೋವು ಬಂದ ದಿನ, ಗಂಟೆ, ಹಿಂದಿನ ರಾತ್ರಿ ಎಷ್ಟು ಹೊತ್ತಿಗೆ ಮಲಗಿದ್ದು, ಬೆಳಗ್ಗೆ ತಿಂಡಿ ತಿಂದಿತ್ತೋ, ನೀರು ಕುಡಿದಿತ್ತೋ, ಏನು ತಪ್ಪಿಹೋಯಿತು, ಮಾತ್ರೆ ತೆಗೆದುಕೊಂಡಿತೋ, ಹುಡುಗಿಯರಾದರೆ ಮುಟ್ಟಿನ ದಿನ. ಮಗುವೇ ಬರೆಯಬೇಕು. ಆರು ವಾರ ಬರೆದರೆ ಸಾಕು, ಯಾವ ಸ್ಕ್ಯಾನೂ ತೋರಿಸದ ಸಂಗತಿ ಅಲ್ಲಿ ಸಾಲಾಗಿ ನಿಲ್ಲುತ್ತದೆ: ಸೋಮವಾರಗಳೇ ಹೆಚ್ಚೋ, ಕಿರುಪರೀಕ್ಷೆಯ ಹಿಂದಿನ ದಿನವೋ, ಬಿಸಿಲಲ್ಲಿ ಕವಾಯತು ಮಾಡಿದ ದಿನವೋ.

ಆ ಪುಸ್ತಕದಲ್ಲಿ ನಿದ್ದೆಯ ಕಲಮನ್ನು ನಾನು ಮೊದಲು ನೋಡುತ್ತೇನೆ. ಹದಿಹರೆಯದ ಮಗುವಿಗೆ ದಿನಕ್ಕೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ರಾತ್ರಿ ಹನ್ನೊಂದರವರೆಗೆ ಓದಿಸಿ ಬೆಳಗ್ಗೆ ಐದಕ್ಕೆ ಗಂಟೆ ಬಾರಿಸುವ ವೇಳಾಪಟ್ಟಿಯಲ್ಲಿ ಅದು ಆರಕ್ಕೆ ಮೇಲೆ ಹೋಗುವುದಿಲ್ಲ. ನೀಟ್‌ಗಾಗಿ, ಎಸ್ಸೆಸ್ಸೆಲ್ಸಿ ಅಂಕಕ್ಕಾಗಿ ಎಂದು ಎಲ್ಲರೂ ಒಪ್ಪಿಕೊಂಡ ಈ ವೇಳಾಪಟ್ಟಿ ಮಕ್ಕಳಿಗೆ ತಲೆನೋವು ತರಿಸುತ್ತಿದೆ. ಇದನ್ನು ಹೇಳಲು ನನಗೆ ಯಾವ ಹಿಂಜರಿಕೆಯೂ ಇಲ್ಲ.

ಮಾತ್ರೆಯ ಮಾತು. ಮೈಗ್ರೇನಿಗೆ ಮಾತ್ರೆ ಕೊಡುವುದಾದರೆ ನೋವು ಶುರುವಾದ ಕೂಡಲೇ, ಸರಿಯಾದ ಪ್ರಮಾಣದಲ್ಲಿ ಕೊಡಬೇಕು. ಪ್ಯಾರಾಸಿಟಮಾಲ್ ಒಂದು ಸಲಕ್ಕೆ ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ. ವಯಸ್ಸು ನೋಡಿ ಅಲ್ಲ, ತೂಕ ನೋಡಿ. ‘ಅರ್ಧ ಮಾತ್ರೆ ಕೊಟ್ಟು ನೋಡುವ’ ಎಂದು ಎರಡು ಗಂಟೆ ಕಾದು ಇನ್ನರ್ಧ ಕೊಡುವುದರಿಂದ ಪ್ರಯೋಜನವಿಲ್ಲ. ಆಸ್ಪಿರಿನ್ ಮಕ್ಕಳಿಗೆ ಬೇಡ. ವೈರಸ್ ಜ್ವರದ ಹೊತ್ತಿಗೆ ಅದು ಯಕೃತ್ತು, ಮೆದುಳಿಗೆ ಅಪಾಯ ತರುವ ರೇ ಸಿಂಡ್ರೋಮಿಗೆ ದಾರಿಯಾಗಬಹುದು. ಪ್ಯಾರಾಸಿಟಮಾಲ್‌ನಂಥ ಸಾದಾ ಮಾತ್ರೆಯನ್ನೂ ತಿಂಗಳಿಗೆ ಹದಿನೈದು ದಿನಕ್ಕಿಂತ ಹೆಚ್ಚು, ಮೂರು ತಿಂಗಳು ನುಂಗಿದರೆ ಆ ಮಾತ್ರೆಯೇ ತಲೆನೋವು ಹುಟ್ಟಿಸುತ್ತದೆ. ಹಾಸ್ಟೆಲಿನ ಪ್ರಥಮ ಚಿಕಿತ್ಸೆ ಪೆಟ್ಟಿಗೆಯಿಂದ ಹೋದ ಪ್ರತಿ ಮಾತ್ರೆಗೂ ಹೆಸರು, ದಿನಾಂಕ ಬರೆಯಬೇಕು ಎನ್ನುವುದು ಇದಕ್ಕೇ.

ಮೈಗ್ರೇನ್ ಬಾರದಂತೆ ದಿನವೂ ತೆಗೆದುಕೊಳ್ಳುವ ಮದ್ದುಗಳ ಬಗ್ಗೆ ಅಮೆರಿಕದಲ್ಲಿ ನಡೆದ ದೊಡ್ಡ ಪ್ರಯೋಗವೊಂದರ ಫಲಿತಾಂಶ 2017ರಲ್ಲಿ ಹೊರಬಂತು. ಎಂಟರಿಂದ ಹದಿನೇಳು ವರ್ಷದ ಮಕ್ಕಳಲ್ಲಿ ತಲೆನೋವಿನ ದಿನಗಳು ಅರ್ಧಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿದದ್ದು ಅಮಿಟ್ರಿಪ್ಟಿಲಿನ್ ತೆಗೆದುಕೊಂಡ ಶೇ 52 ಮಂದಿಗೆ, ಟೊಪಿರಮೇಟ್ ತೆಗೆದುಕೊಂಡ ಶೇ 55 ಮಂದಿಗೆ, ಮದ್ದೇ ಇಲ್ಲದ ಹುಸಿ ಮಾತ್ರೆ ನುಂಗಿದ ಶೇ 61 ಮಂದಿಗೆ. ಹುಸಿ ಮಾತ್ರೆಯ ಮಕ್ಕಳಿಗೂ ದಿನಚರಿ ಪುಸ್ತಕವಿತ್ತು, ತಿಂಡಿ, ನೀರು, ನಿದ್ದೆಯ ಬಗ್ಗೆ ಹೇಳುವವರಿದ್ದರು, ನಿಯಮಿತವಾಗಿ ಬಂದು ‘ಹೇಗಿದ್ದೀ’ ಎಂದು ಕೇಳುವ ಡಾಕ್ಟರಿದ್ದರು. ಮದ್ದು ಬೇಡವೇ ಬೇಡ ಎಂದಲ್ಲ; ಕೆಲವು ಮಕ್ಕಳಿಗೆ ಬೇಕು. ಆದರೆ ಕೇಳಿಸಿಕೊಳ್ಳುವುದು ಚಿಕಿತ್ಸೆಯ ಪೀಠಿಕೆ ಮಾತ್ರ ಅಲ್ಲ, ಚಿಕಿತ್ಸೆಯ ದೊಡ್ಡ ಪಾಲು ಎಂದು ನಾನು ಆ ಅಂಕಿಗಳನ್ನು ಓದುತ್ತೇನೆ.

ಈಗ ಕೈಕಾಲು. ‘ಬೆಳೆಯುವ ನೋವು’ ಎಂಬ ಮಾತು ಹಳೆಯದು. ಫ್ರೆಂಚ್ ವೈದ್ಯ ಮಾರ್ಸೆಲ್ ದ್ಯುಶಾಂ 1823ರಲ್ಲೇ ಅದನ್ನು ಬರೆದ. ಬೆಳವಣಿಗೆಗೂ ಆ ನೋವಿಗೂ ನೇರ ಸಂಬಂಧ ಇದೆಯೆಂದು ಇನ್ನೂ ಸಾಬೀತಾಗಿಲ್ಲ, ನೋವು ಮಾತ್ರ ನಿಜ. ಮೂರರಿಂದ ಹನ್ನೆರಡು ವರ್ಷದ ಮಗು, ಸಂಜೆ ಅಥವಾ ರಾತ್ರಿ, ಎರಡೂ ಕಾಲಿನ ಮೀನಖಂಡ, ತೊಡೆ ಹಿಡಿದು ಅಳುತ್ತದೆ. ಅಜ್ಜಿ ಎಣ್ಣೆ ಹಚ್ಚಿ ನೀವುತ್ತಾರೆ, ನಿದ್ದೆ ಬರುತ್ತದೆ, ಬೆಳಗ್ಗೆ ಏನೂ ಆಗದವರಂತೆ ಓಡುತ್ತದೆ. ಇಷ್ಟೂ ಸರಿಹೊಂದಿದರೆ ಭಯವಿಲ್ಲ, ಅಜ್ಜಿಯ ಚಿಕಿತ್ಸೆಯೇ ಸರಿ. ಒಂದು ತಪ್ಪಿದರೂ ಆ ಹೆಸರು ಕೊಡಬಾರದು. ಒಂದೇ ಕಾಲು, ಒಂದೇ ಜಾಗ, ಹಗಲೂ ಕುಂಟುವುದು, ಬೆಳಗ್ಗೆ ಎದ್ದಾಗ ಬಿಗಿತ, ಕೀಲು ಊದಿರುವುದು, ಮುಟ್ಟಲು ಬಿಡದಿರುವುದು, ಜ್ವರ, ಬಿಳಿಚುವಿಕೆ, ತೂಕ ಇಳಿಕೆ, ಮೈಮೇಲೆ ಕಾರಣವಿಲ್ಲದ ನೀಲಿ ಕಲೆ.

ಕೊನೆಯ ನಾಲ್ಕು ಗುರುತುಗಳ ಹಿಂದೆ ರಕ್ತದ ಕ್ಯಾನ್ಸರ್ ಅಡಗಿರಬಹುದು. ಲ್ಯುಕೇಮಿಯಾ ಎಷ್ಟೋ ಮಕ್ಕಳಲ್ಲಿ ಮೂಳೆನೋವಾಗಿಯೇ ಮೊದಲು ಬರುತ್ತದೆ. ಇಂಥಲ್ಲಿ ರಕ್ತ ಪರೀಕ್ಷಿಸದೆ ‘ಸಂಧಿವಾತ’ ಎಂದು ಸ್ಟೀರಾಯ್ಡ್ ಕೊಟ್ಟರೆ ನಾಲ್ಕು ದಿನ ಮಗು ಚೇತರಿಸಿಕೊಂಡಂತೆ ಕಂಡು, ನಿಜವಾದ ಕಾಯಿಲೆ ಮರೆಯಾಗುತ್ತದೆ. ಅದನ್ನು ಪತ್ತೆ ಹಚ್ಚುವುದೂ, ಚಿಕಿತ್ಸೆ ನೀಡುವುದೂ ಕಷ್ಟವಾಗುತ್ತದೆ.

ಕೀಲು ಮತ್ತು ಸ್ನಾಯು ನೋಡಲು ಒಂದು ಪುಟ್ಟ ಪರೀಕ್ಷೆ ಇದೆ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಮಕ್ಕಳ ಕೀಲುರೋಗ ತಜ್ಞೆ ಹೆಲೆನ್ ಫಾಸ್ಟರ್ ಮತ್ತು ಜೊತೆಗಾರರು 2006ರಲ್ಲಿ ಪ್ರಕಟಿಸಿದ್ದು, ಹೆಸರು ಪಿ-ಗಾಲ್ಸ್. ಸರಾಸರಿ ಎರಡು ನಿಮಿಷ ಸಾಕು, ಉಪಕರಣ ಬೇಡ. ಮೊದಲು ಮೂರು ಪ್ರಶ್ನೆ: ಕೀಲಿನಲ್ಲಿ, ಸ್ನಾಯುವಿನಲ್ಲಿ, ಬೆನ್ನಿನಲ್ಲಿ ನೋವೋ ಬಿಗಿತವೋ ಇದೆಯಾ? ಬಟ್ಟೆ ಹಾಕಿಕೊಳ್ಳಲು ಕಷ್ಟವಾ? ಮೆಟ್ಟಿಲು ಹತ್ತಿ ಇಳಿಯಲು ಕಷ್ಟವಾ? ಆಮೇಲೆ ಡಾಕ್ಟರು ಮಾಡಿ ತೋರಿಸುತ್ತಾರೆ, ಮಗು ಹಾಗೆಯೇ ಮಾಡುತ್ತದೆ. ಬೆರಳ ತುದಿಯಲ್ಲಿ ನಡೆ, ಹಿಮ್ಮಡಿಯಲ್ಲಿ ನಡೆ. ಕೈ ಮುಂದೆ ಚಾಚು, ತಿರುಗಿಸು, ಮುಷ್ಟಿ ಹಿಡಿ. ಹೆಬ್ಬೆರಳಿಗೆ ಒಂದೊಂದೇ ಬೆರಳು ತಾಗಿಸು. ಕೈ ಮುಗಿ, ಈಗ ಅಂಗೈಯ ಹಿಂಬದಿ ಎರಡನ್ನೂ ಜೋಡಿಸು. ಕೈ ಮೇಲೆತ್ತಿ ಛಾವಣಿ ನೋಡು. ಎರಡೂ ಕೈ ಕುತ್ತಿಗೆಯ ಹಿಂದೆ. ಕಿವಿಯನ್ನು ಹೆಗಲಿಗೆ ತಾಗಿಸು. ಬಾಯಿ ಅಗಲಿಸಿ ನಿನ್ನದೇ ಮೂರು ಬೆರಳು ಇಡು. ಮಲಗು, ಮೊಣಕಾಲು ಊದಿದೆಯೇ, ಸೊಂಟದ ಕೀಲು ತಿರುಗುತ್ತದೆಯೇ ಎಂದು ಡಾಕ್ಟರು ನೋಡುತ್ತಾರೆ. ಕೊನೆಗೆ ಬಗ್ಗಿ ಕಾಲ್ಬೆರಳು ಮುಟ್ಟು. ಬೆನ್ನಿನ ಒಂದು ಬದಿ ಉಬ್ಬಿದ್ದರೆ ಬೆನ್ನುಮೂಳೆ ಓರೆಯಾಗಿದೆಯೇ ಎಂಬ ಸಂಶಯ ಅಲ್ಲೇ ಹುಟ್ಟುತ್ತದೆ.

ಇಡೀ ಪರೀಕ್ಷೆ ಮಕ್ಕಳಿಗೆ ಆಟದಂತಿರುತ್ತದೆ. ಕೈ ಮುಗಿಯುವಾಗ ಒಂದು ಮಣಿಕಟ್ಟು ಪೂರ್ತಿ ಬಗ್ಗದಿದ್ದರೆ ಅದು ಮಗು ಎಂದೂ ‘ನೋವು’ ಎಂದು ಹೇಳದ ಸಂಧಿವಾತವಾಗಿರಬಹುದು. ಹದಿನಾರು ವರ್ಷದೊಳಗೆ ಶುರುವಾಗಿ, ಆರು ವಾರಕ್ಕಿಂತ ಹೆಚ್ಚು ಉಳಿಯುವ ಕೀಲೂತಕ್ಕೆ ಬೇರೆ ಕಾರಣ ಸಿಗದಿದ್ದರೆ ಮಕ್ಕಳ ಸಂಧಿವಾತ ಎನ್ನುತ್ತಾರೆ. ಸಣ್ಣ ಮಕ್ಕಳು ನೋವು ಹೇಳುವುದಿಲ್ಲ; ಬೆಳಗ್ಗೆ ಎತ್ತಿಕೊಳ್ಳು ಎನ್ನುತ್ತಾರೆ, ಮೆಟ್ಟಿಲನ್ನು ಕೂತು ಇಳಿಯುತ್ತಾರೆ. ಇಂಥ ಮಗುವಿನ ಕಣ್ಣನ್ನೂ ಕಣ್ಣಿನ ಡಾಕ್ಟರು ನೋಡಲೇಬೇಕು. ಒಳಗೆ ಉರಿಯೂತವಾಗಿದ್ದರೂ ಕಣ್ಣು ಕೆಂಪಾಗದೆ, ನೋಯದೆ, ದೃಷ್ಟಿ ಹೋಗಬಹುದು.

ಮೊಣಕಾಲು ನೋವೆಂದು ಬಂದ ಮಗುವಿನ ಸೊಂಟ ನೋಡದೆ ಕಳುಹಿಸಬಾರದು. ಸೊಂಟದ ಕೀಲಿನ ತೊಂದರೆ ಎಷ್ಟೋ ಸಲ ನೋವಾಗಿ ಕಾಣಿಸುವುದು ಮೊಣಕಾಲಿನಲ್ಲಿ. ತೂಕ ಹೆಚ್ಚಿರುವ, ಕುಂಟುತ್ತಿರುವ, ಪಾದ ಹೊರಕ್ಕೆ ತಿರುಗಿಸಿ ನಡೆಯುವ ಹದಿಹರೆಯದ ಹುಡುಗನಲ್ಲಿ ತೊಡೆಮೂಳೆಯ ತಲೆ ಜಾರಿರಬಹುದು. ಅವನನ್ನು ಇನ್ನೊಂದು ಹೆಜ್ಜೆಯೂ ನಡೆಸಬಾರದು. ಜ್ವರವಿದ್ದು ಕಾಲು ಅಲ್ಲಾಡಿಸಲು ಬಿಡದ ಮಗುವಿನ ಕೀಲಿನಲ್ಲಿ ಕೀವು ಇರಬಹುದು. ಅಂಥ ಮಗುವನ್ನು ‘ಉಳುಕು’ ತೆಗೆಸಲು ಕರೆದೊಯ್ದು ಒಂದು ದಿನ ಕಳೆದರೂ ಕೀಲು ಹಾಳಾಗುತ್ತದೆ. ಗಂಟಲುನೋವು ಬಂದು ಎರಡು ಮೂರು ವಾರದ ಮೇಲೆ ಒಂದು ಕೀಲಿನಿಂದ ಇನ್ನೊಂದಕ್ಕೆ ಹಾರುವ ನೋವಾದರೆ ಹೃದಯ ಪರೀಕ್ಷಿಸಬೇಕು. ಅದು ರುಮ್ಯಾಟಿಕ್ ಜ್ವರ ಇರಬಹುದು.

ಆಟಗಾರ ಮಕ್ಕಳ ಕಥೆ ಬೇರೆ. ಎತ್ತರ ಜಿಗಿತ, ವಾಲಿಬಾಲ್, ಕಬಡ್ಡಿಯ ಹುಡುಗರಿಗೆ ಮೊಣಕಾಲ ಚಿಪ್ಪಿನ ಕೆಳಗೆ ಮೂಳೆ ಉಬ್ಬಿ ನೋಯುವುದನ್ನು 1903ರಲ್ಲಿ ಆಸ್‌ಗುಡ್ ಮತ್ತು ಶ್ಲಾಟರ್ ಬೇರೆ ಬೇರೆಯಾಗಿ ವಿವರಿಸಿದರು. ಬೆಳೆಯುವ ಮೂಳೆಯ ಎಳೆಯ ತುದಿಯನ್ನು ಬಲಿತ ಸ್ನಾಯು ಮತ್ತೆ ಮತ್ತೆ ಎಳೆಯುವುದರಿಂದ ಆಗುವುದು. ಯಕ್ಷಗಾನದ ಧೀಂಗಿಣ ಕಲಿಯುವ ಮಕ್ಕಳೂ ಇದೇ ಜಿಗಿತವನ್ನು ನೂರಾರು ಸಲ ಮಾಡುತ್ತಾರೆ, ಅದೂ ಬರಿಗಾಲಲ್ಲಿ, ಹಲವೆಡೆ ಸಿಮೆಂಟಿನ ನೆಲದ ಮೇಲೆ. ಮರದ ಹಲಗೆಯೋ ಮಣ್ಣಿನ ನೆಲವೋ ಸಿಕ್ಕರೆ ಒಳ್ಳೆಯದು, ನೋವು ಕಂಡಾಗ ಜಿಗಿತ ಕಡಿಮೆ ಮಾಡಿ ಹೆಜ್ಜೆ, ಅಭಿನಯದ ಪಾಠ ಮುಂದುವರಿಸಬಹುದು. ವೇಷ ಕಟ್ಟಿದ ದಿನ ತಲೆನೋವೇ? ಕಿರೀಟ ಬಿಗಿದ ಒಂದು ಗಂಟೆಯೊಳಗೆ ಶುರುವಾಗಿ, ಬಿಚ್ಚಿದ ಒಂದು ಗಂಟೆಯೊಳಗೆ ಹೋದರೆ ಅದು ಬಿಗಿತದ ನೋವು ಮಾತ್ರ. ಬೆನ್ನುನೋವಿನ ವಿಷಯದಲ್ಲಿ ಮಾತ್ರ ಎಚ್ಚರ ಹೆಚ್ಚು ಬೇಕು. ವೇಗದ ಬೌಲರ್ ಹುಡುಗ ಹಿಂದಕ್ಕೆ ಬಾಗಿದಾಗ ಸೊಂಟದ ಬಳಿ ನೋವು ಎಂದರೆ ಬೆನ್ನುಮೂಳೆಯಲ್ಲಿ ಸಣ್ಣ ಬಿರುಕು ಬಿಟ್ಟಿರಬಹುದು.

ಬ್ಯಾಗಿನ ಭಾರದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ರಾಜ್ಯ ಸರಕಾರ 2019ರಲ್ಲಿ ಹೊರಡಿಸಿದ ಆದೇಶದಂತೆ ಒಂದು, ಎರಡನೇ ತರಗತಿಗೆ ಒಂದೂವರೆಯಿಂದ ಎರಡು ಕಿಲೋ, ಐದರವರೆಗೆ ಎರಡರಿಂದ ಮೂರು, ಎಂಟರವರೆಗೆ ಮೂರರಿಂದ ನಾಲ್ಕು, ಒಂಬತ್ತು–ಹತ್ತಕ್ಕೆ ನಾಲ್ಕರಿಂದ ಐದು ಕಿಲೋ. ಆದೇಶ ಒಳ್ಳೆಯದೇ, ಪಾಲಿಸಬೇಕು. ಆದರೆ ಜಗತ್ತಿನ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು 2018ರಲ್ಲಿ ಪರಿಶೀಲಿಸಿದಾಗ ಬ್ಯಾಗಿನ ತೂಕವೇ ಬೆನ್ನುನೋವು ತರುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ. ಆದ್ದರಿಂದ ಬೆನ್ನುನೋವಿನ ಮಗುವಿಗೆ ‘ಬ್ಯಾಗ್ ಭಾರ’ ಎಂದು ಹೇಳಿ ಕೈತೊಳೆದುಕೊಂಡರೆ, ಬೇರೇನೋ ಇದ್ದದ್ದು ತಪ್ಪಿಹೋಗುತ್ತದೆ.

ತಲೆನೋವೂ ಕೈಕಾಲು ನೋವೂ ಕೆಲವು ಜ್ವರಗಳ ಜೊತೆ ಒಟ್ಟಿಗೆ ಬರುತ್ತವೆ. ಡೆಂಗಿಯಲ್ಲಿ ಕಣ್ಣಿನ ಹಿಂದೆ ನೋವು, ಮೈಕೈ ನೋವು; ಆಗ ಐಬುಪ್ರೊಫೆನ್ ಕೊಡಬಾರದು, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಗದ್ದೆಯ ಕೆಸರಿನಲ್ಲಿ ಆಡಿದ ಮಗುವಿಗೆ ಜ್ವರ, ತಲೆನೋವು, ಮೀನಖಂಡ ಮುಟ್ಟಿದರೆ ನೋವು, ಕಣ್ಣು ಕೆಂಪು ಎಂದರೆ ಇಲಿ ಜ್ವರವನ್ನು ನೆನೆಯಬೇಕು. 1982–83ರಲ್ಲಿ ಬೆಳ್ತಂಗಡಿಯ ಕಾಡಂಚಿನ ಊರುಗಳನ್ನು ನಡುಗಿಸಿದ ಮಂಗನ ಕಾಯಿಲೆ ಶುರುವಾಗುವುದೂ ಜ್ವರ, ತೀವ್ರ ತಲೆನೋವು ಮತ್ತು ಮೈನೋವಿನಿಂದಲೇ. ಫ್ಲೂ ಇಳಿಯುವ ಹೊತ್ತಿಗೆ ಮಗು ಇದ್ದಕ್ಕಿದ್ದಂತೆ ತುದಿಗಾಲಲ್ಲಿ ನಡೆದರೆ ಅದು ಹೆಚ್ಚಾಗಿ ಕೆಲವು ದಿನದಲ್ಲಿ ತಾನೇ ಹೋಗುವ ಸ್ನಾಯು ಉರಿಯೂತ. ಮೂತ್ರ ಚಹಾದ ಬಣ್ಣಕ್ಕೆ ತಿರುಗಿದರೆ ಮಾತ್ರ ಕಾಯುವಂತಿಲ್ಲ.

ಎಲ್ಲ ಪರೀಕ್ಷೆಯೂ ಸರಿ ಎಂದು ಬಂದ ಮೇಲೂ ನೋಯುವ ಮಕ್ಕಳಿದ್ದಾರೆ. ಅವರ ನೋವು ಸುಳ್ಳಲ್ಲ. ಹದಿಹರೆಯದವರ ಜೊತೆ ಡಾಕ್ಟರು ಹತ್ತು ನಿಮಿಷ, ಹೆತ್ತವರು ಹೊರಗೆ ಕೂತಿರುವಾಗ ಮಾತಾಡಬೇಕು: ಮನೆ ಹೇಗಿದೆ, ಶಾಲೆಯಲ್ಲಿ ಯಾರಾದರೂ ಕಾಡುತ್ತಾರಾ, ಊಟ, ನಿದ್ದೆ, ಮನಸ್ಸು. ಊರು ಬಿಟ್ಟು ಬಂದ ಮಗುವಿಗೆ ಮನೆಯ ನೆನಪು ಹೊಟ್ಟೆಯಲ್ಲೋ ತಲೆಯಲ್ಲೋ ನೋವಾಗಿ ಕೂರುವುದು ಸಹಜ. ‘ಎಲ್ಲ ನಾರ್ಮಲ್, ಏನೂ ಇಲ್ಲ’ ಎಂದು ಹೇಳಿ ಕಳುಹಿಸಿದರೆ ತನ್ನನ್ನು ಯಾರೂ ನಂಬಲಿಲ್ಲ ಎಂದೇ ಆ ಮಗು ತಿಳಿಯುತ್ತದೆ. ‘ನಿನಗೆ ನೋಯುತ್ತಿದೆ, ಭಯಪಡುವಂಥ ಕಾಯಿಲೆ ಇಲ್ಲ, ಒಂದು ತಿಂಗಳು ಬಿಟ್ಟು ಮತ್ತೆ ನೋಡುವ’ ಎಂದರೆ ಬೇರೆಯೇ ಆಗುತ್ತದೆ. ಶಾಲೆಯನ್ನು ಪೂರ್ತಿ ಬಿಡಿಸದೆ, ಅರ್ಧ ದಿನವಾದರೂ ಕಳುಹಿಸುವುದು ಈ ಮಕ್ಕಳಿಗೆ ಒಳ್ಳೆಯದು.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಶುರುವಾದದ್ದು 2013ರಲ್ಲಿ. ಅದರ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ, ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಒಂದು ಸಲ ಹೋಗಿ ಮಕ್ಕಳನ್ನು ನೋಡುತ್ತವೆ. ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲಿ ಮಕ್ಕಳದ್ದೇ ಪ್ರತ್ಯೇಕ ಕೇಂದ್ರವಿದೆ. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರಕಾರ ನಡೆಸುವ ಮೆದುಳು ಆರೋಗ್ಯ ಯೋಜನೆ ತಲೆನೋವನ್ನು ತನ್ನ ಮುಖ್ಯ ಕಾಯಿಲೆಗಳ ಪಟ್ಟಿಯಲ್ಲಿ ಇಟ್ಟುಕೊಂಡಿದೆ. ಕಳುಹಿಸಲು ಜಾಗ ಇದೆ. ಯಾರನ್ನು ಕಳುಹಿಸಬೇಕೆಂದು ಊರಲ್ಲೇ ಆರಿಸುವ ಕೆಲಸ ಆಗಬೇಕು. ಶಾಲೆಗೆ ಬರುವ ತಂಡ ಆ ಎರಡು ನಿಮಿಷದ ಕೀಲು ಪರೀಕ್ಷೆಯನ್ನೂ ಬಿಪಿಯನ್ನೂ ಸೇರಿಸಿಕೊಳ್ಳಲಿ. ಖಾಸಗಿ ಶಾಲೆ, ಹಾಸ್ಟೆಲುಗಳು ಆ ತಂಡದ ಭೇಟಿಯ ಹೊರಗೆ ಉಳಿಯುತ್ತವೆ. ಅವು ತಮ್ಮ ದೈಹಿಕ ಶಿಕ್ಷಕರಿಗೂ ವಾರ್ಡನ್‌ಗಳಿಗೂ ಈ ಪರೀಕ್ಷೆಯನ್ನು, ಅಪಾಯದ ಗುರುತುಗಳನ್ನು ಒಬ್ಬ ಮಕ್ಕಳ ಡಾಕ್ಟರಿಂದ ಒಂದು ಮಧ್ಯಾಹ್ನ ಕಲಿಸಿಕೊಳ್ಳಬಹುದು. ಮಾತ್ರೆಯ ಪುಸ್ತಕವನ್ನು ತಿಂಗಳ ಕೊನೆಗೆ ಒಮ್ಮೆ ಓದಿ, ಯಾವ ಹೆಸರು ಹೆಚ್ಚು ಸಲ ಬಂದಿದೆ ನೋಡಿ, ಆ ಮಗುವನ್ನು ಕರೆದು ಕೂರಿಸಿಕೊಳ್ಳಲಿ. ದಾಖಲಾತಿಯ ಹೊತ್ತಿಗೆ ಹೆತ್ತವರು ಕೇಳಬೇಕಾದ ಪ್ರಶ್ನೆಗಳಲ್ಲಿ ಇದೂ ಸೇರಲಿ: ನನ್ನ ಮಗುವಿಗೆ ಇಲ್ಲಿ ರಾತ್ರಿ ಎಷ್ಟು ಗಂಟೆ ನಿದ್ದೆ, ನೋವು ಎಂದರೆ ಬರೆದಿಡುವವರು ಯಾರು?